ಬದಲಿ ಬರುವ ತನಕ

ಇಂಗ್ಲಿಷ್ ಮಾಸ್ತರ ವ್ಯಂಕಟೇಶನ ವರ್ಗಾವಣೆಯ ಆದೇಶ ನಾಲ್ಕು ತಿಂಗಳಿಂದ ಅವನ ಅಂಗಿಯ ಕಿಸೆಯಲ್ಲಿತ್ತು. ಎರಡು ಸಲ ಒಗೆತಕ್ಕೂ ಹೋಗಿ ಬಂದಿತ್ತು. ಆ ಕಾಗದದ ಮೇಲಿನ ಅರ್ಧದಲ್ಲಿ ಸರಕಾರ ಅವನನ್ನು ಜೇವರ್ಗಿ ತಾಲೂಕಿನಿಂದ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನಕ್ಕೆ ಕಳಿಸಿತ್ತು. ಕೆಳಗಿನ ಅರ್ಧದಲ್ಲಿ ಹೋಗದಂತೆ ಹಿಡಿದು ನಿಲ್ಲಿಸಿತ್ತು. 'ಬದಲಿ ಶಿಕ್ಷಕರು ಹಾಜರಾದ ನಂತರವೇ ಸದರಿಯವರನ್ನು ಬಿಡುಗಡೆಗೊಳಿಸತಕ್ಕದ್ದು' ಎಂಬ ಸಾಲನ್ನು ಅವನು ಎಷ್ಟು ಸಲ ಓದಿದ್ದನೆಂದರೆ, ಜಳಕ ಮಾಡುವಾಗ ಬಾಯಿಗೆ ಬರುತ್ತಿದ್ದ ಮಂತ್ರದ ನಡುವೆಯೂ ಅದು ನುಸುಳುತ್ತಿತ್ತು.

ಬದಲಿ ಶಿಕ್ಷಕಿ ಬಂದಿರಲಿಲ್ಲವೆಂದಲ್ಲ. ಗೊಬ್ಬೂರ ಕಡೆಯ ಒಬ್ಬ ಬಾಯಿಯವರು ಬಂದಿದ್ದರು. ನೆಲೋಗಿ ದಾಟಿ ಎರಡನೇ ಕ್ರಾಸಿನಲ್ಲಿ ಇಳಿದು, ಊರು ಎಲ್ಲಿದೆ ಎಂದು ಕೇಳಿ, ಇದೇ ಊರು ಎಂದು ತಿಳಿದ ಮೇಲೆ ಅದೇ ಬಸ್ಸಿಗೆ ಮತ್ತೆ ಕೈ ಮಾಡಿದ್ದರು. ಈ ಊರಿನ ಹೆಸರು ಬಸ್ಸಿನ ಬೋರ್ಡಿನ ಮೇಲೆ ಎಂದೂ ಬಂದದ್ದಿಲ್ಲ. ಕಂಡಕ್ಟರ್ ಮಾಳಿಂಗಪ್ಪ 'ಎರಡ್ನೇದು, ಎರಡ್ನೇದು' ಎಂದು ಕೂಗಿದರೆ ಇಳಿಯುವವರು ಇಳಿಯುತ್ತಾರೆ. ಬಾಯಿಯವರು ಆಮೇಲೆ ಕಲಬುರಗಿಯ ಯಾವುದೋ ಕಚೇರಿಗೆ ನಿಯೋಜನೆ ಮಾಡಿಸಿಕೊಂಡರೆಂದು ಸುದ್ದಿ ಬಂತು.

ಕಿಣ್ಣಿ ಸುಲ್ತಾನದಲ್ಲಿ ವ್ಯಂಕಟೇಶನ ಹೆಂಡತಿ ಅನುಜಾ ನರ್ಸ್. ಮದುವೆಯಾಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ ಅವನು ಶನಿವಾರದ ಗಂಡ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಜೇವರ್ಗಿಗೊಂದು, ಕಲಬುರಗಿಗೊಂದು, ಆಳಂದಕ್ಕೊಂದು ಎಂದು ಮೂರು ಬಸ್ಸು, ಕೊನೆಗೆ ಒಂದು ಟಂಟಂ ಆಟೋ. ಸೋಮವಾರ ನಸುಕಿನಲ್ಲಿ ಅದೇ ದಾರಿ ಹಿಂದುಮುಂದಾಗಿ. ಹೋಗುವಾಗ ಕೈಯಲ್ಲಿ ಖಾಲಿ ಸ್ಟೀಲಿನ ಡಬ್ಬಿ, ಬರುವಾಗ ಅದರ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

"ನಮ್ಮನ್ಯಾಗ ನಿಮಗಿಂತ ಆ ಡಬ್ಬೀನ ಭಾಳ ತಿರಗ್ಯಾದ," ಎಂದು ಅನುಜಾ ಒಮ್ಮೆ ಫೋನಿನಲ್ಲಿ ಹೇಳಿದ್ದಳು. "ಈ ತಿಂಗಳ ಮೂವತ್ತೊಂದರೊಳಗ ಬರ್ಲಿಲ್ಲಂದ್ರ ಆರ್ಡರ್ ರದ್ದು ಅಂತ ನೀವೇ ಹೇಳೀರಿ. ನಾ ಬಾಡಿಗಿ ಮನಿ ದೊಡ್ಡದು ನೋಡ್ಲ್ಯೋ, ಡಬ್ಬಿ ದೊಡ್ಡದು ತಗೊಳ್ಲ್ಯೋ?"

"ಮನಿ ನೋಡು," ಎಂದಿದ್ದ ವ್ಯಂಕಟೇಶ. ಧ್ವನಿಯಲ್ಲಿ ಇಲ್ಲದ ಧೈರ್ಯವನ್ನು ಆಕೆ ಗುರುತಿಸಿದಳು.

ದಾರಿ ತೋರಿಸಿದವರು ಹೆಡ್‌ಮಾಸ್ತರ ಗುರಣ್ಣನವರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರು ಇಲಾಖೆಯನ್ನು, ಹಳೆಯ ಎತ್ತನ್ನು ನೋಡುವ ಒಕ್ಕಲಿಗನ ಹಾಗೆ, ಸಿಟ್ಟಿಲ್ಲದೆ ನೋಡುತ್ತಿದ್ದರು.

"ನೋಡ್ರಿ ವ್ಯಂಕಟೇಶ ಸರ, ಬದಲಿ ಹೊರಗಿಂದೇ ಬರಬೇಕಂತ ಏನಿಲ್ಲ. ಸಾಲ್ಯಾಗೇ ಇನ್ನೊಬ್ರು ಇಂಗ್ಲಿಷ್ ಹೇಳ್ತಾರಂತ ಸಾಹೇಬ್ರು ಕಣ್ಣಾರೆ ನೋಡಿ ಬರಕೊಟ್ರಂದ್ರ, ನಾ ಅವತ್ತೇ ನಿಮ್ಮನ್ನ ಬಿಡ್ತೇನಿ. ಇಪ್ಪತ್ತೆಂಟಕ್ಕ ಇಲಾಖೆಯ ಧೀರೇಂದ್ರ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ಯಾರನ್ನರೆ ತಯಾರ ಮಾಡ್ರಿ."

ಯಾರನ್ನಾದರೂ ಎಂದರೆ ಇದ್ದವನು ಒಬ್ಬನೇ, ಡ್ರಾಯಿಂಗ್ ಮಾಸ್ತರ ಸಿದ್ದಲಿಂಗ. ಅಫಜಲಪುರ ಕಡೆಯ, ಇನ್ನೂ ಮದುವೆಯಾಗದ ಹುಡುಗ. ಅವನ ಪೀರಿಯಡ್ಡುಗಳನ್ನು ಗಣಿತದವರು, ವಿಜ್ಞಾನದವರು ಸರದಿಯಂತೆ ಕಿತ್ತುಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಅವನು ಹಾಜರಿ ಪುಸ್ತಕದ ಅಂಚಿನಲ್ಲಿ ಸಹೋದ್ಯೋಗಿಗಳ ಮೂಗು ಬರೆಯುತ್ತ ಕೂಡುತ್ತಿದ್ದ. ಡಬ್ಬಿಯ ರೊಟ್ಟಿಯಲ್ಲಿ ಮೂರು ವರ್ಷದಿಂದ ಅವನ ಪಾಲಿತ್ತು.

"ಸರ, ನಾ ಡಿಗ್ರಿಯೊಳಗ ಇಂಗ್ಲಿಷ್ ಮೂರನೇ ಸಲಕ್ಕ ಪಾಸಾದಾಂವ," ಎಂದ ಸಿದ್ದಲಿಂಗ. "ಆದ್ರ ಅನುಜಾ ಅಕ್ಕಾರ ರೊಟ್ಟಿ ತಿಂದೇನಿ. ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಯಾ ಪಾಠ ಹೇಳ್ರಿ."

ವ್ಯಂಕಟೇಶ ಪ್ರೊನೌನ್, ಅಂದರೆ ಸರ್ವನಾಮದ ಪಾಠ ಆರಿಸಿದ. ಹನ್ನೆರಡು ವರ್ಷ ಹೇಳಿ ಹೇಳಿ ಅದರ ಮೂಲೆಮೂಲೆ ಅವನಿಗೆ ಗೊತ್ತಿತ್ತು. ಮಕ್ಕಳಿಗೂ ಅರ್ಧ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂತರು. ಗುರಣ್ಣನವರು ಮುಂಜಾನೆಯ ಪೇಪರನ್ನು ಸಂಜೆಯ ತನಕ ಓದುವವರು, ಮೂಲೆಯ ಕುರ್ಚಿಯಲ್ಲಿದ್ದರು.

"ಪ್ರೊನೌನ್ ಅಂದ್ರೇನು?"

"ಹೆಸರಿನ ಬದ್ಲಿ ಬರೂದ್ರಿ."

"ಬದ್ಲಿ ಬರ್ತದಲ್ಲ, ಅದೇ ದೊಡ್ಡದು," ಎಂದು ಪೇಪರಿನ ಹಿಂದಿನಿಂದ ಮಾತು ಬಂತು.

ವ್ಯಂಕಟೇಶ ಹಲಗೆಯ ಮೇಲೆ 'ಐ' ಬರೆದ, ಪಕ್ಕದಲ್ಲಿ 'ಮಿ' ಬರೆದ.

"ಎರಡೂ ನಾನೇ ಅಲ್ಲೇನ್ರಿ ಸರ?"

"ನೀನೇ. ಆದ್ರ ಕೆಲಸ ಮಾಡಾವ ಐ. ತನ್ನ ಮ್ಯಾಲ ಕೆಲಸ ಮಾಡಿಸ್ಕೊಳ್ಳಾವ ಮಿ. ಐ ಕಾಲ್ ಹಿಮ್, ನಾ ಅವನ್ನ ಕರೀತೇನಿ. ಹಿ ಕಾಲ್ಸ್ ಮಿ, ಅವ ನನ್ನ ಕರೀತಾನ."

ಸಿದ್ದಲಿಂಗ 'ಮಿ'ಗೆ ಬೆರಳು ತೋರಿಸಿದ. "ಹಂಗಾರ ಈ ಸಾಲ್ಯಾಗ ನಾವೆಲ್ಲಾ ಮಿ."

ಪೇಪರು ಅಲುಗಾಡಿತು. ಗುರಣ್ಣನವರು ನಕ್ಕರೆ ಹಾಗೆಯೇ ಕಾಣುತ್ತಿತ್ತು.

ಒಂದು ಕಡೆ ಮಾತ್ರ ಸಿದ್ದಲಿಂಗ ಹಟ ಹಿಡಿದ. ಹೆಡ್‌ಮಾಸ್ತರಿಗೆ 'ಹಿ' ಅನ್ನಲು ಅವನು ಒಪ್ಪಲಿಲ್ಲ, 'ದೇ' ಅನ್ನುತ್ತೇನೆ ಎಂದ. ಮಕ್ಕಳದ್ದೂ ಇದೇ ರೋಗ. ದೊಡ್ಡ ಸರ ಎಲ್ಲಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಆಫೀಸಿನಲ್ಲಿ ನಾಲ್ಕೈದು ಜನ ಗುರಣ್ಣರು ಕೂತಿದ್ದಾರೆ ಎಂಬಂಥ ಉತ್ತರ ಬರುತ್ತಿತ್ತು.

"ಒಬ್ಬರೇ ಇದ್ರ ಹಿ ಅನ್ನಬೇಕು. ಇಂಗ್ಲಿಷ್‌ನ್ಯಾಗ ಮರ್ಯಾದಿಗೆ ಬ್ಯಾರೆ ಪದ ಇಲ್ಲ."

"ದೊಡ್ಡ ಸರಿಗೆ ಅವ ಅಂದಂಗಾಗ್ತದ್ರಿ. ನಾಲಿಗಿ ಹೊಳ್ಳಂಗಿಲ್ಲ."

"ಹಿ ಅನ್ನೋ, ಪರವಾಗಿಲ್ಲ," ಎಂದರು ಗುರಣ್ಣನವರು. "ಇನ್ನೆರಡು ವರ್ಷಕ್ಕ ಅದೂ ಅನ್ನಾವರು ಇರಂಗಿಲ್ಲ."

ಬಾಯಿಪಾಠದಿಂದ ಸಿದ್ದಲಿಂಗನಿಗೆ ಏನೂ ಹತ್ತುವುದಿಲ್ಲವೆಂದು ನಾಲ್ಕನೇ ದಿನ ಗೊತ್ತಾಯಿತು. ಐದನೇ ದಿನ ಅವನು ಸುಣ್ಣ ಬಳಿದ ಒಂಬತ್ತನೇ ತರಗತಿಯ ಗೋಡೆಯ ಮುಂದೆ ಬಣ್ಣದ ಡಬ್ಬಗಳನ್ನಿಟ್ಟುಕೊಂಡು ನಿಂತ. "ಇವರೆಲ್ಲಾ ಒಂದೇ ಮನ್ಯಾಗ ಇರ್ತಾರಂತ ಹಿಡೀರಿ ಸರ. ಒಂದೊಂದು ಜಾತಿ ಒಂದೊಂದು ಖೋಲಿ. ನಾ ತೆಗೀತೇನಿ, ನೀವು ಯಾರ್ ಯಾರು ಹೇಳ್ರಿ."

ಹೀಗೆ ಗೋಡೆಯ ಮೇಲೆ ಒಂದು ದೊಡ್ಡ ವಾಡೆ ಎದ್ದಿತು. ಒಲೆಯ ಸುತ್ತ ಊಟಕ್ಕೆ ಕೂತವರು ಪರ್ಸನಲ್ ಪ್ರೊನೌನುಗಳು: ಐ, ವಿ, ಯು, ಹಿ, ಶಿ, ಇಟ್, ದೇ. ಇಟ್ ಎಂಬುದು ಒಂದು ಬೆಕ್ಕು. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿ ಉಗ್ರಾಣದ ಬಾಗಿಲಲ್ಲಿ ನಿಂತ ಯಜಮಾನಿ ಪೊಸೆಸಿವ್, ಮೈನ್, ಅವರ್ಸ್. ಕಟ್ಟೆಯ ಮೇಲೆ ಕೂತು ಬಂದವರಿಗೆ ಹೋದವರಿಗೆ ಬೆರಳು ತೋರಿಸುವ ಮುದುಕ ಡೆಮಾನ್‌ಸ್ಟ್ರೇಟಿವ್, ದಿಸ್, ದ್ಯಾಟ್, ದೀಸ್, ದೋಸ್. ಗೋಡೆಯ ಮೇಲಿಂದ ಇಣುಕಿ ಯಾರು ಬಂದ್ರು, ಯಾರದು, ಏನು ತಂದ್ರು ಎಂದು ಕೇಳುವ ಪಕ್ಕದ ಮನೆಯಾಕೆ ಇಂಟರಾಗೇಟಿವ್. ಎರಡು ಮನೆ ಜೋಡಿಸಲು ಬಂದು ಪಡಸಾಲೆಯಲ್ಲಿ ರುಮಾಲು ಸುತ್ತಿ ಕೂತ ಬೀಗರು ರಿಲೇಟಿವ್, ಹೂ, ವಿಚ್. ಹೊರಬಾಗಿಲು ಬಡಿಯುತ್ತಿರುವ, ಮುಖ ಕಾಣದ ಯಾವನೋ ಇಂಡೆಫಿನಿಟ್, ಸಮ್‌ಬಡಿ.

ಸಿದ್ದಲಿಂಗ ಕೀಲಿಯ ಗೊಂಚಲು ಬರೆದು ಮುಗಿಸುವಷ್ಟರಲ್ಲಿ ಪೊಸೆಸಿವ್ ಅವನ ಕೈಗೆ ಬಂದಿತ್ತು. ಮುದುಕನ ಬೆರಳು ಒಣಗುವಷ್ಟರಲ್ಲಿ ಡೆಮಾನ್‌ಸ್ಟ್ರೇಟಿವ್ ಬಾಯಿಗೆ ಬಂದಿತ್ತು. ಮಕ್ಕಳು ಆಟದ ಹೊತ್ತು ಬಿಟ್ಟು ಬಂದು ನಿಂತು ನೋಡುತ್ತಿದ್ದರು.

ಗುರಣ್ಣನವರೂ ಬಂದರು. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ವ್ಯಂಕಟೇಶನನ್ನು ಬೇವಿನ ಮರದ ಬುಡಕ್ಕೆ ಕರೆದರು.

"ಸರ, ಒಂದು ಮಾತು. ಪಾಸಾಗುವಷ್ಟು ಇರ್ಲಿ. ಭಾಳ ಛಲೋ ಬ್ಯಾಡ."

"ಯಾಕ್ರಿ?"

"ಮೂವತ್ತಾರು ವರ್ಷ ಆತು ನಾ ನೋಡಾಕತ್ತು. ನಮ್ಮಲ್ಲಿ ಫೇಲಾದಾವನ್ನ ತರಬೇತಿಗೆ ಕಳಸ್ತಾರ. ಪಾಸಾದಾವನ್ನ ಮರತು ಬಿಡ್ತಾರ. ಮರತು ಬಿಟ್ರಂದ್ರ ನಿಮ್ಮ ಕೆಲಸ ಆತು. ಮೂವತ್ತೈದು ಮಾರ್ಕ್ಸ್ ಸಾಕು."

ವ್ಯಂಕಟೇಶ ತಲೆಯಾಡಿಸಿದ. ಮಾತು ಸರಿಯೇ ಇತ್ತು. ಆದರೆ ಗೋಡೆಯ ಮೇಲೆ ಒಂದು ಖೋಲಿ ಇನ್ನೂ ಖಾಲಿ ಇತ್ತು, ರಿಫ್ಲೆಕ್ಸಿವ್. ಮಾಡಿದ ಕೆಲಸ ಮಾಡಿದವನಿಗೇ ಹೊಳ್ಳಿ ಬರುವ ಜಾತಿ, ಮೈಸೆಲ್ಫ್, ಹಿಮ್‌ಸೆಲ್ಫ್. ಅಲ್ಲಿ ಸಿದ್ದಲಿಂಗ ಕನ್ನಡಿ ನೋಡಿಕೊಳ್ಳುವ ಹುಡುಗನನ್ನು ಬರೆಯುತ್ತೇನೆ ಎಂದಿದ್ದ. ಪಾಸಾಗಲು ಅಷ್ಟು ಸಾಕಿತ್ತು. ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಮಾತ್ರ ಸಾಲಲಿಲ್ಲ. ಬರೆದ ಕನ್ನಡಿಯೇಕೆ, ನಿಜವಾದ ಕನ್ನಡಿಯನ್ನೇ ಗೋಡೆಗೆ ಜಡಿದರೆ? ಒಬ್ಬೊಬ್ಬ ಹುಡುಗ ಬಂದು ಮುಖ ನೋಡಿಕೊಂಡು 'ಐ ಸೀ ಮೈಸೆಲ್ಫ್' ಎಂದರೆ? ಆ ವಿಚಾರ ಬಂದ ಮೇಲೆ ಅವನಿಗೆ ಎರಡು ದಿನ ನಿದ್ದೆ ಸರಿ ಬರಲಿಲ್ಲ.

ಜೇವರ್ಗಿಯಲ್ಲಿ ಲಾಡ್ಲೆಸಾಬನ ಕಟಿಂಗ್ ಅಂಗಡಿಗೆ ಹೊಸ ಕನ್ನಡಿಗಳು ಬಂದಿದ್ದವು. ಹಳೆಯದೊಂದು ಬಾಗಿಲ ಹಿಂದೆ ನಿಂತಿತ್ತು.

"ಸಾಲಿಗೆ ಕನ್ನಡಿ ಯಾಕ್ರಿ ಮಾಸ್ತರ?" ಎಂದ ಲಾಡ್ಲೆಸಾಬ. "ಹುಡುಗ್ರು ಪಾಠ ಬಿಟ್ಟು ಕೂದ್ಲಾ ತೀಡ್ಕೋತ ನಿಂದರ್ತಾವ."

"ಅದೇ ಪಾಠ."

"ಹಂಗಾರ ನನ್ನ ಅಂಗಡ್ಯಾಗ ಇಪ್ಪತ್ತು ವರ್ಷದಿಂದ ಸಾಲಿ ನಡದದ," ಎಂದು ಲಾಡ್ಲೆಸಾಬ ಕನ್ನಡಿಯನ್ನು ಹಾಗೆಯೇ ಕೊಟ್ಟ. ಅದರ ಒಂದು ಮೂಲೆಯ ಪಾದರಸ ಹೋಗಿತ್ತು. ಅಲ್ಲಿ ನೋಡುವವರ ಒಂದು ಕಿವಿ ಕಾಣುತ್ತಿರಲಿಲ್ಲ.

ಉಳಿದದ್ದು ತಾಲೀಮು. ತಪಾಸಣೆಯ ದಿನ ಇಡೀ ತರಗತಿ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮಾಸ್ತರ ಬಲಗೈಯವರನ್ನಷ್ಟೇ ಎಬ್ಬಿಸಬೇಕು. ಈ ಏರ್ಪಾಡು ಗುರಣ್ಣನವರು ತಾವು ಹುಡುಗರಾಗಿದ್ದಾಗಲೇ ಕಲಿತದ್ದು. ಮೊದಲ ಬೆಂಚಿನ ಭಾಗ್ಯಜ್ಯೋತಿ ಮಾನಿಟರ್. ಬಾವಿಕಟ್ಟೆಯ ಮೇಲೆ ಸರದಿ ಬಗೆಹರಿಸುವ ಹೆಂಗಸಿನ ಗತ್ತು ಅವಳಿಗೆ ಹದಿನಾಲ್ಕಕ್ಕೇ ಬಂದಿತ್ತು. "ಏ ಬಲಗೈ ಯಾವುದು ಅಂತ ಮದಲ ನೋಡ್ಕೊಳ್ರಲೇ, ಆಮ್ಯಾಲ ಇಂಗ್ಲಿಷ್," ಎಂದು ಹಿಂದಿನ ಬೆಂಚಿನವರಿಗೆ ತಾಕೀತು ಮಾಡುತ್ತಿದ್ದಳು. ಕನ್ನಡಿಯ ಕೆಳಗೆ ಸಿದ್ದಲಿಂಗ ದಪ್ಪ ಅಕ್ಷರದಲ್ಲಿ ಒಂದು ನಿಯಮ ಬರೆದಿದ್ದ: ಹೆಸರು ಹೇಳುವಾಗ 'ಐ ಆಮ್'. 'ಮೈಸೆಲ್ಫ್' ಕನ್ನಡಿಯ ಮುಂದೆ ಮಾತ್ರ.

ಇಪ್ಪತ್ತೆಂಟಕ್ಕೆ ಧೀರೇಂದ್ರ ಸಾಹೇಬರು ಜೀಪಿನಿಂದ ಇಳಿದರು. ಊಟವಾಗಿತ್ತು, ಆದ್ದರಿಂದ ಪ್ರಸನ್ನರಾಗಿದ್ದರು. ವ್ಯಂಕಟೇಶ ಕೊನೆಯ ಬೆಂಚಿನಲ್ಲಿ, ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂತ. ಗುರಣ್ಣನವರು ಬಾಗಿಲ ಬಳಿ ನಿಂತರು. ಸಿದ್ದಲಿಂಗ ಹೊಸ ಅಂಗಿ ಹಾಕಿದ್ದ, ಅದರ ಕಾಲರಿನಲ್ಲಿ ಅಂಗಡಿಯ ಗುಂಡುಪಿನ್ನು ಇನ್ನೂ ಇತ್ತು.

ಸಾಹೇಬರು ಮಕ್ಕಳ ಮುಂದೆ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದರು. "ಗುಡ್ ಆಫ್ಟರ್‌ನೂನ್. ಮೈಸೆಲ್ಫ್ ಧೀರೇಂದ್ರ."

ನಲವತ್ತೆರಡು ಜೋಡಿ ಕಣ್ಣು ಕನ್ನಡಿಯ ಕೆಳಗಿನ ಸಾಲಿಗೆ ಹೋಗಿ ಸಾಹೇಬರ ಕಡೆ ಹೊರಳಿದವು. ಆಮೇಲೆ ನಿಧಾನಕ್ಕೆ, ಯಾರೂ ಏನೂ ಕೇಳದೆಯೇ, ಭಾಗ್ಯಜ್ಯೋತಿಯ ಕೈ ಮೇಲೆದ್ದಿತು. ಬಲಗೈ.

ಗುರಣ್ಣನವರು ಕೆಮ್ಮಿದರು. ವ್ಯಂಕಟೇಶನಿಗೆ ಕಿಣ್ಣಿ ಸುಲ್ತಾನದ ಟಂಟಂ ತನ್ನನ್ನು ಬಿಟ್ಟು ಹೊರಟಂತಾಯಿತು. ಸಿದ್ದಲಿಂಗ ಆ ಕೈಯನ್ನು ಕಾಣದ ಹಾಗೆ ಹಲಗೆಗೆ ಮುಖ ತಿರುಗಿಸಿದ. ಆದರೆ ಸಾಹೇಬರು ನೋಡಿಬಿಟ್ಟರು.

"ಏನಮ್ಮಾ?"

"ಸರ," ಎಂದು ಭಾಗ್ಯಜ್ಯೋತಿ ಎದ್ದಳು. ಒಂದು ಸಲ ಗೋಡೆ ನೋಡಿದಳು, ಒಂದು ಸಲ ಹೆಡ್‌ಮಾಸ್ತರ ಮುಖ ನೋಡಿದಳು. "ಅದನ್ನ ಹೇಳೂಮುಂದ ನೀವು ಇಲ್ಲಿ ಬಂದು ನಿಂದರಬೇಕ್ರಿ. ನಮ್ಮ ಸಾಲ್ಯಾಗ ಅದಕ್ಕೊಂದು ಜಾಗಾ ಅದ."

ಸಾಹೇಬರು ಅವಳು ಕೈ ಮಾಡಿದ ಕಡೆ ಹೋದರು. ಕನ್ನಡಿಯಲ್ಲಿ ಒಂದು ಕಿವಿಯಿಲ್ಲದ ತಮ್ಮ ಮುಖ ಕಂಡರು. ಕೆಳಗೆ ಬರೆದದ್ದನ್ನು ಓದಿದರು. ಅವರ ಕತ್ತು ಕೆಂಪಾಗಿದ್ದು ಹಿಂದಿನ ಬೆಂಚಿನ ತನಕ ಕಂಡಿತು. ಆ ಗಳಿಗೆಯಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆಮೇಲೆ ಅವರು ಕಿಸೆಯಿಂದ ಹಣಿಗೆ ತೆಗೆದು, ಬೈತಲೆಯನ್ನು ಸರಿ ಮಾಡಿಕೊಂಡು, "ಐ ಸೀ ಮೈಸೆಲ್ಫ್," ಎಂದರು. ತರಗತಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಸಾಹೇಬರೇ ನಕ್ಕರು.

ಆ ನಗೆ ಸಿದ್ದಲಿಂಗನ ಹೆದರಿಕೆಯನ್ನು ಒಯ್ದುಬಿಟ್ಟಿತು. ಮುಂದಿನ ನಲವತ್ತು ನಿಮಿಷ ಅವನು ಮಕ್ಕಳನ್ನು ವಾಡೆಯ ಖೋಲಿ ಖೋಲಿ ತಿರುಗಿಸಿದ. ಬೆಕ್ಕಿಗೆ ಇಟ್ ಎಂದ. ಕೀಲಿಯ ಗೊಂಚಲು ಯಾರದೆಂದು ಕೇಳಿದ. ಬೀಗರನ್ನು ಮಾತಾಡಿಸಿದ. ಬಾಗಿಲು ಬಡಿದು ಮಕ್ಕಳಿಂದ ಸಮ್‌ಬಡಿ ಅನ್ನಿಸಿದ. ಹೆಡ್‌ಮಾಸ್ತರ ಕಡೆ ಕೈ ತೋರಿಸಿ, ಕಣ್ಣು ಮುಚ್ಚಿಕೊಂಡು, 'ಹಿ' ಎಂದ. ಎಡಗೈಗಳು ಒಂದೊಂದಾಗಿ ಇಳಿದು ಬಲಗೈಗಳು ಎದ್ದವು. ಇದು ತಾಲೀಮಿನಲ್ಲಿ ಇರದ ಸಂಗತಿ. ಕೊನೆಯ ಬೆಂಚಿನಲ್ಲಿ ವ್ಯಂಕಟೇಶನ ಕಣ್ಣು ತೇವವಾಯಿತು. ಹನ್ನೆರಡು ವರ್ಷದಲ್ಲಿ ಅವನು ಇಂಥ ಒಂದು ಪಾಠ ಮಾಡಿರಲಿಲ್ಲ. ಬಾಗಿಲ ಬಳಿ ಗುರಣ್ಣನವರು ಮಾತ್ರ ಹಣೆ ಒತ್ತಿಕೊಳ್ಳುತ್ತ ನಿಂತಿದ್ದರು.

ಹೆಡ್‌ಮಾಸ್ತರ ಖೋಲಿಯಲ್ಲಿ ಚಹಾ, ಮಿರ್ಚಿ ಭಜಿ ಬಂದವು. ಸಾಹೇಬರು ಬರೆದುಕೊಡಬೇಕಿದ್ದ ಕಾಗದವನ್ನು ಗುರಣ್ಣನವರು ಅವರ ಮುಂದಿಟ್ಟರು. ಇಂಗ್ಲಿಷ್ ಬೋಧನೆಗೆ ಶಾಲೆಯಲ್ಲಿಯೇ ಪರ್ಯಾಯ ವ್ಯವಸ್ಥೆ ಇದೆ ಎಂಬ ಎರಡು ಸಾಲು. ಸಹಿ ಆಗಬೇಕಿತ್ತು.

ಸಾಹೇಬರು ಪೆನ್ನು ತೆಗೆದರು, ಮತ್ತೆ ಕಿಸೆಗೆ ಹಾಕಿ ಫೋನು ತೆಗೆದರು.

"ಗುರಣ್ಣನವರ, ಇಂಥಾ ಮನುಷ್ಯಾನ್ನ ಒಂದು ಸಾಲ್ಯಾಗ ಇಟ್ಟು ಕೊಳಸ್ತೀರೇನ್ರಿ? ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ್ಯಾಗ ಇಂಗ್ಲಿಷ್ ಮಾಸ್ತರ ಇಲ್ಲದ ಸಾಲಿ ಎಷ್ಟವ ಅಂತ ನಿಮಗೇನು ಹೊಸಾದಲ್ಲ. ಈ ಗೋಡಿ ಎಲ್ಲಾ ಕಡಿ ಆಗಬೇಕು. ಸೋಮವಾರದಿಂದ ಈ ಡ್ರಾಯಿಂಗ್ ಮಾಸ್ತರದು ನಿಯೋಜನೆ. ನಾ ಜಿಲ್ಲಾಕ್ಕ ಮಾತಾಡ್ತೇನಿ."

ಅವರು ಅಲ್ಲಿಯೇ ಮಾತಾಡಿದರು. ಆ ಕಡೆಯವರು ಏನೋ ಕೇಳಿದರು. "ಹೌದ್ರಿ, ಖರೇ ಕನ್ನಡಿ, ಗೋಡ್ಯಾಗ," ಎಂದರು ಸಾಹೇಬರು.

"ಸರ," ಎಂದ ವ್ಯಂಕಟೇಶ. "ಸಿದ್ದಲಿಂಗ ಹ್ವಾದ್ರ ಇಲ್ಲಿ ಇಂಗ್ಲಿಷ್?"

"ನೀವು ಅದೀರಲ್ರಿ."

"ನನಗ ವರ್ಗ ಆಗ್ಯಾದ್ರಿ."

"ಆಗಿದ್ರ ಛಲೋನೇ. ಬದಲಿ ಬಂದಕೂಡ್ಲೇ ಬಿಡ್ತಾರ. ಯಾಕ್ರಿ ಗುರಣ್ಣನವರ?"

ಗುರಣ್ಣನವರು ಭಜಿಯ ತಟ್ಟೆಯನ್ನು ಸಾಹೇಬರ ಕಡೆ ಸರಿಸಿದರು. ವ್ಯಂಕಟೇಶನ ಕಡೆ ನೋಡಲಿಲ್ಲ.

"ಮದಲು ಎಲ್ಲಿ ಶುರು ಮಾಡೂಣು?" ಎಂದು ಸಾಹೇಬರು ಫೋನಿನಲ್ಲಿ ಪಟ್ಟಿ ನೋಡಿದರು. "ಹಾಂ, ಕಿಣ್ಣಿ ಸುಲ್ತಾನ. ಅಲ್ಲಿ ನಾಲ್ಕು ತಿಂಗಳಾತು, ಇಂಗ್ಲಿಷ್ ಮಾಸ್ತರ ಹಾಜರೇ ಆಗಿಲ್ಲಂತ. ಅಂವ ಬರೂತನಾ ಗೋಡಿಯರೆ ಪಾಠ ಹೇಳ್ಲಿ."

"ಆ ಮಾಸ್ತರ ನಾನೇ ರಿ," ಎಂದ ವ್ಯಂಕಟೇಶ.

"ಹೌದೇನ್ರಿ?" ಸಾಹೇಬರಿಗೆ ನಿಜವಾಗಿಯೂ ಸಂತೋಷವಾಯಿತು. "ಹಂಗಾರ ಚಿಂತಿ ಬಿಡ್ರಿ. ನಿಮ್ಮ ಹುಡುಗ್ರು ಹಿಂದ ಬೀಳಂಗಿಲ್ಲ."

ಎರಡು ಸಾಲಿನ ಆ ಕಾಗದ ಸಹಿಯಿಲ್ಲದೆ ಮೇಜಿನ ಮೇಲೆಯೇ ಉಳಿಯಿತು. ಮಿರ್ಚಿಯ ಎಣ್ಣೆ ಅದರಲ್ಲಿ ಇಳಿಯಿತು.

ಆದೇಶ ರದ್ದಾಗುವ ಮೂವತ್ತೊಂದು ಭಾನುವಾರ ಬಂದಿತ್ತು. ವ್ಯಂಕಟೇಶ ಆ ಶನಿವಾರ ಕಿಣ್ಣಿ ಸುಲ್ತಾನಕ್ಕೆ ಹೋಗಲಿಲ್ಲ. ಅನುಜಾಗೆ ಎದುರು ನಿಂತು ಹೇಳುವ ಮಾತಿಗಿಂತ ಫೋನಿನ ಮಾತೇ ಮೇಲೆನಿಸಿತು. ಅವಳು ಎಲ್ಲ ಕೇಳಿಸಿಕೊಂಡಳು. "ಕನ್ನಡಿ ತರೂ ವಿಚಾರ ಯಾರದು?" ಎಂದು ಒಂದೇ ಮಾತು ಕೇಳಿದಳು.

"ನಂದೇ."

"ಗೊತ್ತಿತ್ತು."

ಸೋಮವಾರ ಮುಂಜಾನೆ ಎರಡನೇ ಕ್ರಾಸಿನಲ್ಲಿ ಸಿದ್ದಲಿಂಗ ಬಣ್ಣದ ಡಬ್ಬಗಳ ಚೀಲ ಹಿಡಿದು ನಿಂತಿದ್ದ. ಗುರಣ್ಣನವರು ಅವನ ಬಿಡುಗಡೆಯ ಆದೇಶವನ್ನು ಶುಕ್ರವಾರವೇ ಬರೆದುಕೊಟ್ಟಿದ್ದರು. ಬರೆಯಲು ಐದು ನಿಮಿಷವೂ ಹಿಡಿದಿರಲಿಲ್ಲ.

"ಸರ, ನಾ ಬೇಕಂತ ಏನೂ ಮಾಡ್ಲಿಲ್ರಿ," ಎಂದ.

"ನೀ ಏನ್ ಮಾಡ್ದಿ? ಕಲಿಸಿದ್ದು ನಾ."

ವ್ಯಂಕಟೇಶ ಖಾಲಿ ಡಬ್ಬಿಯನ್ನು ಅವನ ಕೈಗೆ ಕೊಟ್ಟ. "ದವಾಖಾನಿ ಸಾಲಿ ಎದುರಿಗೇ ಅದ. ಅನುಜಾನ್ನ ಕೇಳು, ಎಲ್ಲಾರಿಗೂ ಗೊತ್ತು."

"ಅಕ್ಕಾರಿಗೆ ಏನರೆ ಹೇಳಬೇಕೇನ್ರಿ?"

"ಏನಿಲ್ಲ. ಡಬ್ಬಿ ಕೊಡು."

ಬಸ್ಸು ಬಂತು. ಮಾಳಿಂಗಪ್ಪ ಬಾಗಿಲಿನಿಂದ ಬಾಗಿ ವ್ಯಂಕಟೇಶನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ರಿ ಮಾಸ್ತರ, ಇವತ್ತು ಬರಾವ್ರೇ ಹೋಗಾವ್ರನ್ನ ಕಳಸಾಕ ನಿಂತೀರಿ?" ಉತ್ತರಕ್ಕೆ ಕಾಯದೆ ಸೀಟಿ ಊದಿದ.

ಮಧ್ಯಾಹ್ನದ ಹೊತ್ತಿಗೆ ಅನುಜಾ ಫೋನು ಮಾಡಿದಳು. "ನಿಮ್ಮ ಸಿದ್ದಲಿಂಗ ಸರ ಬಂದಾರ. ಉಣ್ಣಾಕ ಕೂಡ್ಸೀನಿ. ಪಾಪ, ಒಂದೇ ಸವನ ನಿಮ್ಮ ಸುದ್ದೀನೇ ಹೇಳಾಕತ್ತಾರ. ಇಲ್ಲೇ ಖೋಲಿ ಹುಡಕಾಕತ್ತಿದ್ರು, ನಾ ನೋಡಿಟ್ಟ ಮನಿ ಖಾಲಿ ಅದ ಅಂತ ಹೇಳೀನಿ." ಆಮೇಲೆ ಕೇಳಿದಳು, "ನೀವು ಏನ್ ಉಂಡ್ರಿ?"

"ಉಂಡೆ," ಎಂದ ವ್ಯಂಕಟೇಶ. ಗಂಟೆ ಬಡಿಯಿತು, ಫೋನಿಟ್ಟ.

ಅದು ಡ್ರಾಯಿಂಗ್ ಪೀರಿಯಡ್. ಸಿದ್ದಲಿಂಗ ಹೋದ ಮೇಲೆ ಅದೂ ಅವನ ಪಾಲಿಗೆ ಬಂದಿತ್ತು. ಗಣಿತದವರು ಇವತ್ತು ಬೇಡವೆಂದಿದ್ದರು. ಒಂಬತ್ತನೇ ತರಗತಿಗೆ ಹೋಗುವಾಗ ಕನ್ನಡಿಯಲ್ಲಿ ಮುಖ ಕಾಣದಂತೆ ಗೋಡೆಯ ಆ ಬದಿ ಬಿಟ್ಟು ನಡೆದ. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಕೈ ತಾನಾಗಿ ಒಂದು ಉದ್ದನೆಯ ಚೌಕ ಎಳೆಯಿತು, ಮೂರು ಕಿಟಕಿ ಮಾಡಿತು, ಒಂದು ಬಾಗಿಲು ಮಾಡಿತು, ಕೆಳಗೆ ಎರಡು ಗಾಲಿ ಹಚ್ಚಿತು.

"ಇದೇನು?"

ನಲವತ್ತೆರಡು ಕೈ ಎದ್ದವು. ಎಲ್ಲವೂ ಎಡಗೈ. ಅಷ್ಟರಲ್ಲಿ ಒಂದು ಕೈ ಇಳಿದು ಬಲಗೈ ಆಯಿತು.

"ಹೇಳು ಭಾಗ್ಯಜ್ಯೋತಿ."

"ಮನಿ ಅಲ್ಲೇನ್ರಿ ಸರ?"

ವ್ಯಂಕಟೇಶ ಹಿಂದೆ ಸರಿದು ಹಲಗೆಯ ಮೇಲಿನ ಬಸ್ಸನ್ನು ನೋಡಿದ. ಆಮೇಲೆ ಡಸ್ಟರ್ ತೆಗೆದುಕೊಂಡು ಎರಡೂ ಗಾಲಿಗಳನ್ನು ಒರೆಸಿದ.

"ಹೌದು," ಎಂದ. "ಕೂಡು."